ಮಹಾನಂದಕ್ಕನ ಕೈಯ ಬಿಸಿ

ನಮ್ಮೂರಲ್ಲಿ ಯಾರೂ ಯಾರನ್ನೂ "ಆರಾಮ ಇದ್ದೀರೇನು" ಎಂದು ಕೇಳುವುದಿಲ್ಲ. ಮುಟ್ಟಿ ನೋಡುತ್ತಾರೆ. ಎಲ್ಲಿ ನೋವೋ ಅಲ್ಲಿ ಬಿಸಿ, ಎಷ್ಟು ನೋವೋ ಅಷ್ಟು ಬಿಸಿ. ಹಲ್ಲುನೋವು ಬಂದವನ ಕೆನ್ನೆಗೆ ಹಸಿ ಹಪ್ಪಳ ಹಚ್ಚಿದರೆ ಒಣಗಿ ಗರಿಗರಿಯಾಗುತ್ತದೆ. ಮಂಡಿನೋವಿನ ಅತ್ತೆಯಂದಿರು ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಗಡಿಗೆಯನ್ನು ಮೊಣಕಾಲ ಹತ್ತಿರ ಇಟ್ಟುಕೊಂಡು ಕೂರುತ್ತಾರೆ, ಮೊಸರು ಗಟ್ಟಿಯಾಗುತ್ತದೆ, ಸೊಸೆಯಂದಿರು ಸುಮ್ಮನಾಗುತ್ತಾರೆ. ಹೊಟ್ಟೆನೋವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸುವ ಭಾಗ್ಯ ನಮ್ಮ ಮಕ್ಕಳಿಗಿಲ್ಲ. ಹೆರಿಗೆಯ ಮನೆಯಲ್ಲಿ ನೀರು ಕಾಯಿಸಲು ಯಾರೂ ಒಲೆ ಹಚ್ಚುವುದಿಲ್ಲ. ತಾಮ್ರದ ಕೊಡವನ್ನು ಹೆರುವವಳ ಸೊಂಟಕ್ಕೆ ತಾಗಿಸಿ ಇಡುತ್ತಾರೆ. ಕೊಡದ ನೀರು ಗುಳುಗುಳು ಅಂದಾಗ ಸೂಲಗಿತ್ತಿ ಸೆರಗು ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾಳೆ.

ಹೀಗಿರುವ ಊರಲ್ಲಿ "ನೋವೈತೇನು" ಎಂದು ಬಾಯಿಬಿಟ್ಟು ಕೇಳುವುದು ಮರ್ಯಾದೆಗೇಡು. ಕೇಳಿದವರಿಗೆ ನಮ್ಮನ್ನು ಮುಟ್ಟಲು ಹೇಸಿಕೆ ಎಂದೇ ಅರ್ಥ. ನನ್ನ ಮದುವೆಯಲ್ಲಿ ಪರ ಊರಿಂದ ಬಂದ ನೆಂಟರೊಬ್ಬರು ನಮ್ಮ ಅಜ್ಜನಿಗೆ "ಸೊಂಟ ಹೆಂಗೈತ್ರಿ" ಎಂದು ಕೇಳಿದ್ದಕ್ಕೆ ಅಜ್ಜ ಅವರ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ನಾನು ಸುವರ್ಣಾ. ನಾನು ಮತ್ತು ನನ್ನ ನೆಗೆಣ್ಣಿ ಮಹಾನಂದಕ್ಕ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ಊರ ಬಾಣಂತಿಯರಿಗೆಲ್ಲ ಅಂಟಿನುಂಡಿ ಮಾಡಿಕೊಡುತ್ತೇವೆ. ಅಂಟು ಹುರಿಯುವುದು, ಕೊಬ್ಬರಿ ಹೆರೆಯುವುದು, ಉತ್ತತ್ತಿ ಕುಟ್ಟುವುದು ನನ್ನ ಪಾಲು. ಬಂದವರ ಜೊತೆ ಮಾತಾಡುವುದೂ ಜಗಳಾಡುವುದೂ ನನ್ನ ಪಾಲೇ. ಬೆಲ್ಲದ ಪಾಕ ಮತ್ತು ಉಂಡಿ ಕಟ್ಟುವುದು ಅಕ್ಕನ ಪಾಲು. ನಮ್ಮಿಬ್ಬರ ಗಂಡಂದಿರು ಬೆಲ್ಲ ತಂದು ಹಾಕಿ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಾರೆ, ಅವರ ಪಾಲೂ ಇರಲಿ ಎಂದು.

ಅಂಟಿನುಂಡಿಯ ಸಂಗತಿ ಗೊತ್ತಿದ್ದವರಿಗೆ ಗೊತ್ತು. ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೆ ನೋಡಬೇಕು. ಎಲ್ಲ ಕಲಸಿದ ಮೇಲೆ ಬಿಸಿ ಇರುವಾಗಲೇ ಕಟ್ಟಬೇಕು, ಆರಿದರೆ ಕಲ್ಲು. ತೀರ ಬಿಸಿ ಇದ್ದರೆ ಅಂಗೈ ಸುಡುತ್ತದೆ, ತಡ ಮಾಡಿದರೆ ಉಂಡಿ ಕೂಡುವುದಿಲ್ಲ. ಆ ನಡುವಿನ ಗಳಿಗೆ ಅಕ್ಕನ ಅಂಗೈಗೆ ತಿಳಿಯುತ್ತಿತ್ತು. ಅವಳು ಕಟ್ಟಿದ ಉಂಡಿಯನ್ನು ಅಚ್ಚಿನಲ್ಲಿ ಹಾಕಿ ತೆಗೆದದ್ದು ಎಂದೇ ಮಕ್ಕಳು ತಿಳಿದಿದ್ದರು.

ಹೋದ ವರ್ಷ ಅಕ್ಕನ ಬಲಗೈಗೆ ಸರ್ಪಸುತ್ತು ಎದ್ದಿತು. ಹೆಗಲಿನಿಂದ ಬೆರಳ ತುದಿಯವರೆಗೆ ಗುಳ್ಳೆ. ಕೆಮ್ಮಣ್ಣು ಬರೆಸಿದೆವು, ದವಾಖಾನೆಗೂ ಹೋದೆವು, ಗುಳ್ಳೆ ಮಾಯಿತು. ಉರಿ ಮಾತ್ರ ಹೋಗಲಿಲ್ಲ. ಸೀರೆಯ ಸೆರಗು ತಾಗಿದರೂ ಕೈ ಕಾದ ಹಂಚಾಗುತ್ತಿತ್ತು. ತಣ್ಣೀರಲ್ಲಿ ಅದ್ದಿಕೊಂಡು ಕೂತರೆ ಸ್ವಲ್ಪ ಹೊತ್ತಿಗೆ ಆ ನೀರು ಮುಖ ತೊಳೆಯುವ ಹದಕ್ಕೆ ಬರುತ್ತಿತ್ತು. ಉಂಡಿ ಕಟ್ಟಲು ಕೂತಳು. ಅವಳ ಕೈಬಿಸಿಗೆ ಬೆಲ್ಲ ಮತ್ತೆ ಕರಗಿ, ಉಂಡಿ ತಾಟಿನಲ್ಲಿ ಇಟ್ಟ ಕೂಡಲೇ ಕುಸಿದು ಸಗಣಿ ಕುಳ್ಳಿನ ಹಾಗೆ ಹರಡಿಕೊಂಡಿತು. ಆಮೇಲೆ ಉಂಡಿ ನಾನೇ ಕಟ್ಟತೊಡಗಿದೆ, ಸೊಟ್ಟಸೊಟ್ಟಗೆ. ಬಾಣಂತಿಯರು ಏನೂ ಅನ್ನಲಿಲ್ಲ. ಅವರ ಅತ್ತೆಯಂದಿರು ಅಂದರು.

ಅಷ್ಟರಲ್ಲಿ ಅಕ್ಕನ ಒಬ್ಬಳೇ ಮಗಳು ರೋಹಿಣಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಅವಳು ಬಂದ ದಿನವೇ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ಊರ ಬಾಣಂತ್ಯಾರಿಗೆಲ್ಲ ಉಂಡಿ ಕಟ್ಟೀನಿ. ನನ್ನ ಮಗಳಿಗೆ ನಾನ ಕಟ್ಟಬೇಕು. ನೀ ಕಟ್ಟೂ ಬಟಾಟಿ ಅಕಿಗೆ ಬ್ಯಾಡ."

"ನನ್ನ ಬಟಾಟಿ ತಿಂದು ಯಾರೂ ಸತ್ತಿಲ್ಲ ಬಿಡು," ಎಂದೆ. ಆದರೆ ಅಕ್ಕ ಯಾವತ್ತೂ ಏನನ್ನೂ ಬೇಕು ಅಂದವಳಲ್ಲ.

ಊರಾಚೆ ಹಳೆಯ ಬರ್ಫದ ಕಾರ್ಖಾನೆ ಇದೆ. ಅದು ಬಂದಾದ ಮೇಲೆ ಬಿಲ್ಕಿಸ್ ಡಾಕ್ಟರು ಅಲ್ಲಿ ತಮ್ಮ ಪ್ರಯೋಗಶಾಲೆ ಇಟ್ಟುಕೊಂಡರು. ನಮ್ಮೂರವರೇ, ಗಡಿಯಾರ ರಿಪೇರಿ ಮಾಡುತ್ತಿದ್ದ ಇಮಾಮಸಾಬರ ಮಗಳು. ದೊಡ್ಡ ಊರುಗಳಲ್ಲಿ ಓದಿ ತಿರುಗಿ ಬಂದವರು. ನೋವಿಗೆ ಹೊಸ ಔಷಧ ಹುಡುಕುತ್ತೇನೆ ಎಂದು ಹೊರಟಾಗ ಊರು ಮೊದಲು ನಕ್ಕಿತು, ಚಳಿಗಾಲದಲ್ಲಿ ಮೊಸರಿಗೇನು ಮಾಡೋಣ ಎಂದು. ಅಕ್ಕನನ್ನು ಕರೆದುಕೊಂಡು ನಾನೇ ಅಲ್ಲಿಗೆ ಹೋದೆ. ಡಾಕ್ಟರು ಅಕ್ಕನ ಕೈ ಹಿಡಿದು ಬಹಳ ಹೊತ್ತು ಕೂತರು. ಅವರ ಅಂಗೈ ಕೆಂಪಾದರೂ ಬಿಡಲಿಲ್ಲ.

"ನೋಡ್ರಿ," ಎಂದರು, "ನಮ್ಮ ನರದ ತುದಿಗೆ ಸಣ್ಣ ಸಣ್ಣ ಬಾಗಲಾ ಇರತಾವು. ಬೆಂಕಿ ಹತ್ರ ಬಂದ್ರ ತೆರೀತಾವು. ತೆರದ್ವು ಅಂದ್ರ ಒಳಗ ಸುದ್ದಿ ಹೋಗತೈತಿ, ಸುಡ್ತು ಅಂತ. ಮೆಣಸಿನಕಾಯಿ ಕಡದಾಗ ಉರೀತೈತಲ್ಲ, ಅದೂ ಇದ ಬಾಗಲಾ ತೆರದು. ಬಾಯಾಗ ಬೆಂಕಿ ಇರೂದಿಲ್ಲ, ಆದ್ರೂ ಉರಿ. ಇವರ ಕೈಯಾಗ ರೋಗ ಹೋಗೇತಿ, ಬಾಗಲಾ ಮಾತ್ರ ತೆರದ ನಿಂತೈತಿ."

"ಹಂಗಾದ್ರ ಅದನ್ನ ಹಾಕಿಬಿಡ್ರಿ ಡಾಕ್ಟರ ಬಾಯಾರ," ಎಂದೆ ನಾನು. ಮನೆಯ ಬಾಗಿಲು ಹಾಕುವಷ್ಟೇ ಸಲೀಸು ಎಂದುಕೊಂಡಿದ್ದೆ.

ಅವರು ಹಾಕಿದರು. ಬಿಳಿಯ ಗುಳಿಗೆ, ಮೆಂತ್ಯದ ಕಾಳಿನಷ್ಟು. ಅಕ್ಕನ ಜೊತೆ ಊರಿನ ಇನ್ನೂ ಹಲವರು ತೆಗೆದುಕೊಂಡರು, ನಿವೃತ್ತರಾದ ಕೊಟ್ರಪ್ಪ ಮಾಸ್ತರು ತಮ್ಮ ಕುತ್ತಿಗೆ ನೋವಿಗೆ ಎಲ್ಲರಿಗಿಂತ ಮುಂಚೆ. ಒಂದು ವಾರದೊಳಗೆ ಅಕ್ಕನ ಕೈ ತಣ್ಣಗಾಯಿತು. ನಾನು ಅದನ್ನು ನನ್ನ ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟೆ. ಊರಿಗೆ ಊರೇ ಮನೆಗೆ ಬಂದು ಆ ಕೈ ಮುಟ್ಟಿ ಹೋಯಿತು. ಕೊಟ್ರಪ್ಪ ಮಾಸ್ತರು ಎರಡೂ ಕಡೆ ಕುತ್ತಿಗೆ ತಿರುಗಿಸಿ ತೋರಿಸುತ್ತ ಬಜಾರಿನಲ್ಲಿ ಓಡಾಡಿದರು. ಬಿಲ್ಕಿಸ್ ಡಾಕ್ಟರನ್ನು ಬ್ಯಾಂಡಿನವರ ಜೊತೆ ಮೆರವಣಿಗೆ ಮಾಡಿದೆವು. ಅವರು ನಾಚಿಕೊಂಡು ಸೆರಗು ಎಳೆದುಕೊಳ್ಳುತ್ತಲೇ ಇದ್ದರು.

ಮೆರವಣಿಗೆಯ ಮರುದಿನ ಅಕ್ಕ ಪಾಕ ಇಟ್ಟಳು. ಮಗಳ ಹೆರಿಗೆಗೆ ಇನ್ನೂ ಹೊತ್ತಿತ್ತು, ಇದು ಕೈ ಪಳಗಿಸಲು. ಕಲಸಿದ್ದನ್ನು ಆರಲು ಬಿಡದೆ ಪಾತ್ರೆಯಿಂದ ನೇರ ಬಾಚಿ ಬಾಚಿ ಕಟ್ಟಿದಳು. ಎಂಥ ಉಂಡಿ ಅಂತೀರಿ, ಒಂದೊಂದೂ ಗುಂಡು. ನಾನು ಅವಳ ಕೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಖುಷಿಯಿಂದ ಹೋಗಿ ಮಲಗಿದೆ.

ಬೆಳಗ್ಗೆ ಅಕ್ಕ ರೋಹಿಣಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. "ಅವ್ವಾ, ಕೈಯಾಗ ಏನ ನೀರ ಹತ್ತೇತಿ," ಎನ್ನುತ್ತ ರೋಹಿಣಿ ತಿರುಗಿ ಅಂಗೈ ನೋಡಿದವಳು ಚೀರಿದಳು. ಅಂಗೈ ತುಂಬ ಬೊಬ್ಬೆ, ಎರಡು ಒಡೆದು ಚರ್ಮ ಸುಲಿದಿತ್ತು. ಅಕ್ಕನಿಗೆ ಗೊತ್ತೇ ಇಲ್ಲ. ಅವಳ ಕೈ ಆಗಲೂ ತಣ್ಣಗಿತ್ತು, ಮಡಕೆಯ ನೀರಿನ ಹಾಗೆ. ಅದೇ ದಿನ ಕೊಟ್ರಪ್ಪ ಮಾಸ್ತರು ಕುದಿಯುವ ಚಹಾ ಗಟಗಟ ಕುಡಿದು ಅಂಗುಳಿನ ಪೊರೆ ಸುಲಿದುಕೊಂಡು, ಅದು ಹಾಲಿನ ಕೆನೆ ಎಂದು ಉಗುಳಿದ್ದರು.

ನನ್ನ ಸಿಟ್ಟು ನನ್ನ ಗಂಡನಿಗೆ ಗೊತ್ತು, ಆ ದಿನ ಬಿಲ್ಕಿಸ್ ಡಾಕ್ಟರಿಗೂ ಗೊತ್ತಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರುತ್ತವೆ.

"ಬಾಯಾರ, ಅಕಿ ಕೈ ತಣ್ಣಗ ಮಾಡಿದ್ರಿ, ಖರೆ," ಎಂದೆ. "ಹೆಣದ ಕೈನೂ ತಣ್ಣಗ ಇರತೈತಿ."

ಅವರು ಕೂತಿದ್ದ ಸ್ಟೂಲಿನಿಂದ ಎದ್ದರು, ಮತ್ತೆ ಕೂತರು. "ನಾ ಬಿಸಿ ಅಳದೆ, ಸುವರ್ಣವ್ವ. ದಿನಾ ಅಳದೆ. ತಣ್ಣಗಾತು, ಗೆದ್ದೆ ಅಂದೆ. ಬಾಗಲಾಕ ಮೊಳಿ ಜಡದು ಕೂತೆ. ಬೆಂಕಿ ಬಂದ್ರೂ ತೆರೀದಂಗ. ಯಾರಿಗೂ ಒಂದು ಮಾತು ಕೇಳಲಿಲ್ಲ ನೋಡ್ರಿ," ಎಂದರು.

"ಕೇಳೂದು ಅಂದ್ರ ಏನು?"

"ಹೆಂಗ ನೂವತೈತಿ ಅಂತ."

ಊರಲ್ಲಿ ನಾವು ಯಾರು ತಾನೇ ಕೇಳಿದ್ದೆವು? ಅಷ್ಟು ಮಂದಿ ಬಂದು ಅಕ್ಕನ ಕೈ ಮುಟ್ಟಿದ್ದರು, ಒಬ್ಬರಾದರೂ "ಮಹಾನಂದಾ, ಈಗ ಹೆಂಗ ಅನಸತೈತಿ" ಅಂದಿದ್ದರೆ "ಏನೂ ಅನಸೂದ ಇಲ್ಲ" ಎಂದು ಅವಳು ಹೇಳುತ್ತಿದ್ದಳು.

ಗುಳಿಗೆ ನಿಂತಿತು. ಸುಟ್ಟ ಗಾಯ ಮಾಯಿತು, ಹಳೆಯ ಉರಿ ತಿರುಗಿ ಬಂತು. ರೋಹಿಣಿಗೆ ದಿನ ತುಂಬುತ್ತ ಬಂತು. ಒಂದು ಮಧ್ಯಾಹ್ನ ಅಕ್ಕ ನನಗೂ ಹೇಳದೆ ಬರ್ಫದ ಕಾರ್ಖಾನೆಗೆ ನಡೆದುಬಿಟ್ಟಳು. ನಾನು ಹಿಂದೆ ಓಡಿದೆ. ಹೋಗಿ ನೋಡಿದರೆ ಡಾಕ್ಟರ ಮುಂದೆ ಕೈ ಒಡ್ಡಿಕೊಂಡು ನಿಂತಿದ್ದಾಳೆ.

"ಆ ಮದಲಿನ ಗುಳಿಗೀನ ಕೊಡ್ರಿ. ಸುಟ್ಟರ ಸುಡಲಿ. ನನ್ನ ಮಗಳಿಗೆ ಉಂಡಿ ಆದ್ರ ಸಾಕು."

"ಉಂಡಿ ಆಗತಾವು, ಮಹಾನಂದಕ್ಕ," ಎಂದರು ಡಾಕ್ಟರು ಮೆಲ್ಲಗೆ. "ಕೂಸು ಹುಟ್ಟಿದ ಮ್ಯಾಲ ಅದರ ನೀರಿನ ಹದಾ ಯಾವ ಕೈಲೆ ನೋಡ್ತೀರಿ?"

ನಮ್ಮೂರಲ್ಲಿ ಕೂಸಿನ ಮೊದಲ ಸ್ನಾನ ಅವ್ವನ ಅವ್ವನದು. ಹೆರಿಗೆಯ ಬಿಸಿಗೆ ಕುದಿದ ಅದೇ ನೀರಿಗೆ ತಣ್ಣೀರು ಬೆರೆಸಿ, ಬಲಗೈ ಅದ್ದಿ ಹದ ನೋಡಿ, ಅಜ್ಜಿಯೇ ಎರೆಯಬೇಕು. ಬೇರೆಯವರು ನೀರು ಸುರಿದು ಕೊಡಬಹುದು, ಅದರಲ್ಲಿ ಕೈ ಅದ್ದುವ ಹಾಗಿಲ್ಲ. ಅಕ್ಕ ತನ್ನ ಕೈ ಸೆರಗಿನಲ್ಲಿ ಸುತ್ತಿಕೊಂಡಳು. ಕಾರ್ಖಾನೆಯ ಕಟ್ಟೆಯ ಮೇಲೆ ಕೂತು ಅತ್ತಳು. ಮದುವೆಯಾಗಿ ಬಂದಾಗಿನಿಂದ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರು ಅವಳ ಪಕ್ಕ ನೆಲದ ಮೇಲೆ ಕೂತರು. ಈ ಸಲ ಕೈ ಮುಟ್ಟಲಿಲ್ಲ.

"ಹೇಳ್ರಿ," ಎಂದರು. "ಹೆಂಗ ನೂವತೈತಿ?"

ಅಕ್ಕ ನನ್ನ ಮುಖ ನೋಡಿದಳು. ನನಗೇ ನಾಚಿಕೆಯಾಯಿತು, ಯಾರೋ ಬಚ್ಚಲಿಗೆ ಇಣುಕಿದಂತೆ. ಆದರೂ "ಹೇಳಬೇ" ಎಂದೆ. ಅವಳು ಕೈಗೆ ಸುತ್ತಿದ್ದ ಸೆರಗು ಬಿಚ್ಚಿದಳು.

"ಖಾರ ಕುಟ್ಟಿದ ಕೈ ಇರತೈತಲ್ರಿ, ಹಂಗ. ತೊಳದ್ರೂ ಹೋಗೂದಿಲ್ಲ."

"ಒಲಿಗೆ ತಾಗಿದಂಗಲ್ಲ?"

"ಒಲಿ ಚುರ್ ಅಂತೈತಿ, ಕೈ ಜಗ್ಗಿಕೊಂಡ್ರ ಬಿಡತೈತಿ. ಇದು ಬಿಡೂದಿಲ್ಲ. ಇದು ಖಾರದ್ದ."

ಅವತ್ತಿನಿಂದ ಬಿಲ್ಕಿಸ್ ಡಾಕ್ಟರು ಮನೆಮನೆ ತಿರುಗಿ ಕೇಳತೊಡಗಿದರು. ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬ ಮುದುಕ ಕೋಲು ತೋರಿಸಿದ. ಜೊತೆಗೆ ಹೋಗಲು ನಾನಿದ್ದೆನಲ್ಲ, ಬಾಗಿಲು ಹಾಕಿದ ಮನೆಯ ಮುಂದೆ ನಿಂತು ಬಾಗಿಲು ತೆರೆಯುವವರೆಗೆ ಬಾಯಿ ಮಾಡುವುದು ನನಗೆ ಕಷ್ಟವಲ್ಲ. ಒಮ್ಮೆ ಬಾಯಿ ಬಂತೋ, ಜನ ನಿಲ್ಲಿಸಲೇ ಇಲ್ಲ. ಚುಚ್ಚುವ ನೋವು, ಜಗ್ಗುವ ನೋವು, ಇರುವೆ ಹರಿದಂಥ ನೋವು. ಕೊಟ್ರಪ್ಪ ಮಾಸ್ತರು ತಮ್ಮ ಕುತ್ತಿಗೆಯ ಬಗ್ಗೆ ಒಂದು ಇಡೀ ಸಂಜೆ ಹೇಳಿದರು, ಪಾಠ ಮಾಡಿದಂತೆ. ಸರ್ಪಸುತ್ತು ಆದವರೂ ನರ ಕೆಟ್ಟವರೂ ಹೇಳಿದ್ದು ಮಾತ್ರ ಒಂದೇ, ಖಾರ ಮೆತ್ತಿದ ಹಾಗೆ.

"ಬಾಗಲಾ ಒಂದ," ಎಂದರು ಡಾಕ್ಟರು ಒಂದು ದಿನ, ಕಣ್ಣು ಹೊಳೆಯುತ್ತಿತ್ತು. "ಚಿಲಕ ಎರಡು. ಬೆಂಕಿ ಒಂದು ಚಿಲಕ ತೆಗೀತೈತಿ, ಖಾರ ಇನ್ನೊಂದು. ಕೆಟ್ಟ ನರ ಎಳ್ಯಾಕತ್ತಿದ್ದು ಖಾರದ ಚಿಲಕ. ಅದನ್ನಷ್ಟ ಕಟ್ಟಿದ್ರ?"

ಅಷ್ಟನ್ನೇ ಕಟ್ಟುವುದಕ್ಕೆ ಅವರು ಪಟ್ಟ ಪಾಡು ಅವರಿಗೇ ಗೊತ್ತು. ರೋಹಿಣಿಯ ದಿನ ತುಂಬಿದ ಮೇಲೆ ಒಂದು ಸಂಜೆ, ಕೆದರಿದ ತಲೆಯಲ್ಲಿ, ಒಂದೊಂದು ಕಾಲಿಗೆ ಒಂದೊಂದು ಬಗೆಯ ಚಪ್ಪಲಿ ಹಾಕಿಕೊಂಡು ಮನೆಗೆ ಬಂದರು. ಈ ಗುಳಿಗೆ ಹಳದಿ. ತಾವೇ ಮೊದಲು ನುಂಗಿ ನೋಡಿ ಬಂದಿದ್ದರು, ಆದರೆ ಕೆಟ್ಟ ನರದಲ್ಲಿ ಅದು ಹೇಗೆ ನಡೆಯುತ್ತದೋ ಅವರಿಗೂ ಖಾತ್ರಿ ಇರಲಿಲ್ಲ. ಅಕ್ಕ ನುಂಗಿದಳು. ಊಟದ ಹೊತ್ತಿಗೆ ಅವಳಿಗೊಂದು ಹಸಿಮೆಣಸಿನಕಾಯಿ ಕೊಟ್ಟರು. ಕಚ್ಚಿ ತಿಂದು "ಸೌತಿಕಾಯಿ ಹಂಗೈತಿ" ಎಂದಳು. ಕೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಈ ತಂಪು ನನಗೆ ಒಮ್ಮೆ ಮೋಸ ಮಾಡಿತ್ತು.

"ಬಿಸಿ ತಿಳೀತೈತೋ ಇಲ್ಲೋ ನಾಳಿ ಬೆಳಗ್ಗೆ ನೋಡೂಣು," ಎಂದರು ಡಾಕ್ಟರು. "ಗುಳಿಗಿ ಪೂರ್ತಿ ಇಳೀಲಿ. ಅಲ್ಲೀತನಕ ಒಲಿ ಹತ್ರ ಬಿಡಬ್ಯಾಡ್ರಿ ಇವರನ್ನ."

ಬೆಳಗಿನವರೆಗೆ ಕಾಯುವ ವ್ಯವಧಾನ ಕೂಸಿಗೆ ಇರಲಿಲ್ಲ. ಕೋಳಿ ಕೂಗುವ ಮೊದಲೇ ರೋಹಿಣಿಗೆ ಬೇನೆ ಎದ್ದಿತು. ಸೂಲಗಿತ್ತಿ ಹುಲಿಗೆವ್ವ ಬಂದು ಅವಳ ಸೊಂಟಕ್ಕೆ ತಾಮ್ರದ ಕೊಡ ತಾಗಿಸಿಟ್ಟಳು. ಬೆಳಕು ಹರಿಯುವಾಗ ಕೋಣೆ ಸುಗ್ಗಿಯ ಬೆಲ್ಲದ ಆಲೆಮನೆಯಷ್ಟು ಕಾದಿತ್ತು. ಡಾಕ್ಟರೂ ಬಂದು ಒಂದು ಮೂಲೆಯಲ್ಲಿ ನಿಂತರು. ಕೊಡ ಗುಳುಗುಳು ಅಂದಿತು, ಆಮೇಲೆ ಕೊತಕೊತ ಕುದಿಯಿತು, ಮುಚ್ಚಳ ಕುಣಿಯಿತು. ರೋಹಿಣಿ ಒಮ್ಮೆ ನನ್ನ ಕೈ ಮುರಿಯುವ ಹಾಗೆ ಹಿಡಿದು "ಚಿಗವ್ವಾ" ಎಂದಳು. ಕೂಸು ಅತ್ತಿತು. ಹೆಣ್ಣುಕೂಸು, ಕರ್ರಗೆ ತಲೆತುಂಬ ಕೂದಲು.

ಹುಲಿಗೆವ್ವ ಕೂಸನ್ನು ಬಟ್ಟೆಯಲ್ಲಿ ಹಿಡಿದುಕೊಂಡು "ಅಜ್ಜೀನ ಕರೀರಿ, ನೀರ ಬೆರಸ್ಲಿ" ಎಂದಳು.

ಹಿತ್ತಾಳೆಯ ಬೋಗುಣಿಗೆ ನಾನು ಕುದಿನೀರು ಸುರಿದೆ, ಅಕ್ಕ ತಣ್ಣೀರು ಬೆರೆಸಿದಳು. ಎಷ್ಟು ಬೆರೆಸಬೇಕೆಂದು ಕಣ್ಣಿಗೆ ತಿಳಿಯುವುದಿಲ್ಲ. ಅವಳು ಬೋಗುಣಿಯ ಮುಂದೆ ಕೂತು ಬಲಗೈ ಮೇಲೆತ್ತಿದಳು. ಹೊರಗೆ ಕಟ್ಟೆಯ ಮೇಲೆ ಅರ್ಧ ಊರು ಕೂತಿತ್ತು. ಡಾಕ್ಟರು ತುಟಿ ಕಚ್ಚಿಕೊಂಡಿದ್ದರು. ಅಕ್ಕನ ಕೈ ಮುಟ್ಟಿ ನೋಡಲು ನಾನು ಮುಂದೆ ಬಗ್ಗಿದೆ, ಅಭ್ಯಾಸ ನೋಡಿ. ನನ್ನ ಕೈ ನಾನೇ ಹಿಂದಕ್ಕೆಳೆದುಕೊಂಡೆ.

ಅಕ್ಕ ಕೈ ಅದ್ದಿದಳು. ಅದ್ದಿದವಳು ಫಟ್ಟನೆ ಜಗ್ಗಿಕೊಂಡಳು.

"ಹೆಂಗ ಅನಸ್ತು?" ಎಂದು ನಾನು ಕೇಳಿದೆ. ನನ್ನ ಜನ್ಮದಲ್ಲಿ ಅಂಥ ಪ್ರಶ್ನೆ ಕೇಳಿದ್ದು ಅದೇ ಮೊದಲು.

ಅಕ್ಕ ಬೆರಳಿಗೆ ಊದಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಮುಖ ಇಷ್ಟಗಲ ನಗುತ್ತಿತ್ತು. "ಸುಡಾಕತ್ತಾವ," ಎಂದಳು. "ಯವ್ವಾ, ನೀರು ಸುಡಾಕತ್ತಾವ ಸುವರ್ಣಾ. ಇನ್ನೊಂದು ತಂಬಿಗಿ ತಣ್ಣೀರು ಹಾಕು. ನಿಂತು ಏನ ನೋಡ್ತಿ?"

ಡಾಕ್ಟರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಬಾಗಿಲಿಗೆ ಹೋಗಿ "ಸುಟ್ಟತ್ರೀ" ಎಂದು ಕೂಗಿದೆ. ಕಟ್ಟೆಯ ಮೇಲಿದ್ದವರೆಲ್ಲ ಒಟ್ಟಿಗೆ ಕೂಗಿದರು. ಒಬ್ಬ ಹೆಂಗಸಿನ ಕೈ ಸುಟ್ಟಿತೆಂದು ಊರೆಲ್ಲ ಕುಣಿದದ್ದು ಬೇರೆಲ್ಲೂ ನಡೆದಿರಲಿಕ್ಕಿಲ್ಲ. ಕೊಟ್ರಪ್ಪ ಮಾಸ್ತರು ಬ್ಯಾಂಡಿನವರನ್ನು ಕರೆಯಲು ತಾವೇ ಓಡಿದರು, ಕುತ್ತಿಗೆ ಹಿಡಿದುಕೊಂಡು. ಅಕ್ಕ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಒಂದು ತಂಬಿಗೆ ಹಾಕಿಸಿದಳು, ಬೆರಳದ್ದಿದಳು, ತಲೆಯಾಡಿಸಿದಳು, ಇನ್ನರ್ಧ ಹಾಕಿಸಿದಳು, ಅಂಗೈ ಪೂರ್ತಿ ಅದ್ದಿದಳು. ಆಮೇಲೆ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಕೂಸು ಅಳುವುದನ್ನು ನಿಲ್ಲಿಸಿ ಕಣ್ಣು ಬಿಟ್ಟಿತು.

ಅದೇ ಮಧ್ಯಾಹ್ನ ಒಲೆಯ ಮೇಲೆ ಬೆಲ್ಲ ಏರಿತು. ಅಡುಗೆಮನೆಯ ಬಾಗಿಲಲ್ಲಿ ಬಾಣಂತಿಯರು, ಅವರ ಅತ್ತೆಯಂದಿರು, ಎಲ್ಲರ ಹಿಂದೆ ಬಿಲ್ಕಿಸ್ ಡಾಕ್ಟರು, ಈಗ ಎರಡೂ ಕಾಲಿಗೆ ಒಂದೇ ಜೋಡಿ ಚಪ್ಪಲಿ. ಅಕ್ಕ ಪಾಕದ ಎಳೆ ನೋಡಿದಳು, ಹಾ ಎಂದು ಬೆರಳು ಬಾಯಿಗಿಟ್ಟುಕೊಂಡಳು, ಇಳಿಸು ಎಂದಳು. ಕಲಸಿ, ಸ್ವಲ್ಪ ಕಾದು, ಒಮ್ಮೆ ಮುಟ್ಟಿ ಕೈ ತೆಗೆದು, ಮತ್ತೆ ಕಾದು, ತುಪ್ಪದ ಕೈಯಲ್ಲಿ ಮೊದಲ ಉಂಡಿ ಕಟ್ಟಿ ತಾಟಿನಲ್ಲಿಟ್ಟಳು. ಎಲ್ಲರೂ ಆ ಉಂಡಿಯನ್ನೇ ನೋಡುತ್ತ ನಿಂತೆವು. ಅದು ಕುಸಿಯಲಿಲ್ಲ. ಗುಂಡಗೆ ಕೂತಿತ್ತು.

ತಾಟನ್ನು ನಾನು ರೋಹಿಣಿಯ ಕೋಣೆಗೆ ಒಯ್ದೆ, ಅಕ್ಕನೂ ಹಿಂದೆ ಬಂದಳು, ಅಂಗೈ ಕೆಂಪಗೆ. ರೋಹಿಣಿ ಉಂಡಿ ಕಚ್ಚಿ, ಅಗಿಯುತ್ತ, ಅವ್ವನ ಕೈ ಹಿಡಿಯಲು ಕೈ ಚಾಚಿದಳು. ನಡುವೆ ತಡೆದಳು. ಕೈ ಮಡಿಲಿಗಿಟ್ಟುಕೊಂಡು ಅವ್ವನ ಮುಖ ನೋಡಿದಳು.

"ಅವ್ವಾ, ನೂವಾಕತ್ತೈತೇನ?"

"ಇಲ್ಲವಾ," ಎಂದಳು ಮಹಾನಂದಕ್ಕ. "ಬರೇ ಸುಡಾಕತ್ತೈತಿ."

ಅಷ್ಟು ಹೇಳಿ, ಉಳಿದದ್ದು ಆರಿ ಕಲ್ಲಾದೀತೆಂದು ನನ್ನನ್ನು ಬೈಯುತ್ತ ಅಡುಗೆಮನೆಗೆ ಓಡಿದಳು.